ಪುಟ್ಟತಾಳೆಯ ಎಲೆಗೆ ನೆರಿಗೆ ಬಂದದ್ದು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಹೆಸರು ಬಿದ್ದಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯೋಣ ಎಂದು ಇನ್ನೂ ಯೋಚಿಸುತ್ತಿದ್ದವು. ಆಗ ಮರಗಿಡಗಳಿಗೂ ಬಾಯಿತ್ತು, ಮಳೆಗೂ ಗಾಳಿಗೂ ಬಾಯಿತ್ತು. ಬಾಯಿದ್ದ ಮೇಲೆ ಸುಮ್ಮನಿರುತ್ತಾರೆಯೇ? ಬೆಳಗಿನಿಂದ ಸಂಜೆಯವರೆಗೆ ಕಾಡಿನ ತುಂಬ ಮಾತೋ ಮಾತು.

ಆ ಕಾಡಿನಲ್ಲಿ ತೆಂಗು, ತಾಳೆ, ಈಚಲು, ಬಗನಿ ಎಂಬ ಅಣ್ಣತಮ್ಮಂದಿರಿದ್ದರು. ಅವರಿಗೆಲ್ಲ ಒಬ್ಬಳೇ ತಂಗಿ, ಪುಟ್ಟತಾಳೆ. ಆಗ ಎಲ್ಲರೂ ಒಂದೇ ಎತ್ತರ. ಒಬ್ಬರ ತಲೆ ಒಬ್ಬರಿಗೆ ಕಾಣುತ್ತಿತ್ತು.

ಒಂದು ದಿನ ಭೂಮಿತಾಯಿ ಅವರನ್ನೆಲ್ಲ ಕರೆದು ಹೇಳಿದಳು. "ಮಕ್ಕಳೇ, ಇದೊಂದು ಮಳೆಗಾಲ ನಿಮ್ಮದು. ಮಳೆ ನಿಲ್ಲೋ ಹೊತ್ತಿಗೆ ಯಾರು ಎಷ್ಟು ಬೆಳೆದಿರ್ತೀರೋ, ನಿಮ್ಮ ಮಕ್ಕಳು ಮೊಮ್ಮಕ್ಕಳಿಗೂ ಅದೇ ಎತ್ತರ. ಆಮೇಲೆ ಬಂದು ಗೋಳಾಡಬೇಡಿ."

ಕೇಳಿದ್ದೇ ತಡ, ತೆಂಗು ಕತ್ತು ಚಾಚಿತು. ತಾಳೆ ಉಸಿರು ಬಿಗಿಹಿಡಿಯಿತು. ಈಚಲು ತುದಿಗಾಲಲ್ಲಿ ನಿಂತಿತು. ಬಗನಿಯಂತೂ ಯಾರ ಜೊತೆಗೂ ಮಾತೇ ಬಿಟ್ಟಿತು, ಮಾತಾಡಿದರೆ ಬೆಳೆಯುವ ಶಕ್ತಿ ಸೋರಿಹೋಗುತ್ತದಂತೆ!

ಪುಟ್ಟತಾಳೆ ಏನು ಮಾಡುತ್ತಿದ್ದಳು ಗೊತ್ತೇ? ಬಗ್ಗಿ ಇರುವೆ ನೋಡುತ್ತಿದ್ದಳು.

"ಇರುವೆ, ಇರುವೆ, ಬಾಯಲ್ಲಿ ಏನದು?" ಎಂದು ಕೇಳಿದಳು.

"ಮೊಟ್ಟೆ" ಎಂದಿತು ಇರುವೆ.

"ಎಲ್ಲಿಗೆ ತಗೊಂಡು ಹೋಗ್ತಿದೀಯ?"

"ಎತ್ತರಕ್ಕೆ. ಮಳೆ ಬರುತ್ತಲ್ಲ."

"ಆಮೇಲೆ?"

ಇರುವೆಗೆ ಅಷ್ಟೆಲ್ಲ ಪುರುಸೊತ್ತೆಲ್ಲಿ? ಅದು ಹೋಯಿತು. ಪುಟ್ಟತಾಳೆ ಇನ್ನೊಂದು ಇರುವೆಯನ್ನು ಹಿಡಿದುಕೊಂಡಳು. ಅವಳಿಗೆ ಎಲ್ಲವೂ ಗೊತ್ತಾಗಬೇಕು. ಎರೆಹುಳು ಮಣ್ಣೊಳಗೆ ಹೋಗಿ ಏನು ಮಾಡುತ್ತದೆ? ಬಿದ್ದ ಹಣ್ಣಿನ ಬೀಜಕ್ಕೆ ಕತ್ತಲಲ್ಲಿ ದಾರಿ ಹೇಗೆ ಸಿಗುತ್ತದೆ? ಎಲ್ಲ ಕತೆಯೂ ನೆಲದ ಮೇಲೇ ನಡೆಯುತ್ತಿರುವಾಗ ಆಕಾಶದಲ್ಲಿ ನೋಡುವುದಕ್ಕೆ ಏನಿದೆ ಎಂದು ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ.

"ಮೇಲೆ ನೋಡೇ ಪುಟ್ಟತಾಳೆ, ಮೇಲೆ ನೋಡು" ಎಂದು ತೆಂಗು ಗದರಿಸಿತು. "ಮಳೆಗಾಲ ಶುರುವಾಯ್ತು. ನಿಂಗಿನ್ನೂ ಒಂದೇ ಒಂದು ಎಲೆ."

ಅದು ನಿಜ. ಅವಳಿಗಿದ್ದದ್ದು ಒಂದೇ ಎಲೆ. ಆದರೆ ಎಂಥ ಎಲೆ! ದೊಡ್ಡ ತಟ್ಟೆಯ ಹಾಗೆ ದುಂಡಗೆ, ಒಂದು ಗೆರೆಯಿಲ್ಲ, ಒಂದು ಮಡಿಕೆಯಿಲ್ಲ, ನುಣ್ಣಗೆ ಚಪ್ಪಟೆಯಾಗಿತ್ತು. ಗಿಡ ಬಿಸಿಲು ಕುಡಿಯುವುದು ಎಲೆಯಿಂದ ತಾನೆ? ಆ ಒಂದೇ ಎಲೆಯಿಂದ ಅವಳು ಬಿಸಿಲು ಕುಡಿಯಬೇಕು, ಆ ಬಿಸಿಲಿನಿಂದ ಬೆಳೆಯಬೇಕು.

ಈಗ ಮನುಷ್ಯರ ವಿಷಯಕ್ಕೆ ಬರೋಣ.

ಆ ಕಾಡಿನ ತಗ್ಗಿನಲ್ಲಿ, ಹೊಳೆಯ ದಂಡೆಯ ಮೇಲೆ ಒಂದಷ್ಟು ಜನ ಇದ್ದರು. ಅವರ ಹತ್ತಿರ ಬೆಂಕಿ ಇತ್ತು. ಆದರೆ ಬೆಂಕಿ ಹೊತ್ತಿಸುವುದು ಅವರಿಗೆ ಬರುತ್ತಿರಲಿಲ್ಲ. ಎಂದೋ ಸಿಡಿಲು ಬಡಿದ ಮರದಿಂದ ತಂದ ಬೆಂಕಿ ಅದು. ಅದನ್ನು ಆರದ ಹಾಗೆ ಇಟ್ಟುಕೊಂಡಿದ್ದರು, ಹೋದಲ್ಲೆಲ್ಲ ಮಣ್ಣಿನ ಗಡಿಗೆಯಲ್ಲಿ ಕೆಂಡ ಹಾಕಿಕೊಂಡು ಹೊತ್ತೊಯ್ಯುತ್ತಿದ್ದರು. ಆರಿದರೆ ಮುಗಿಯಿತು.

ಆ ಜನಕ್ಕೆ ಹಿರಿಯ ಜಡೆಯಜ್ಜ. ಒಳ್ಳೆಯ ಮನುಷ್ಯ, ಆದರೆ ನಿಯಮ ಮಾಡುವುದೆಂದರೆ ಅವನಿಗೆ ಬಲು ಇಷ್ಟ. ಕೇಳದೆ ಯಾವ ಮರದ ಎಲೆಯನ್ನೂ ಕೀಳಬಾರದು ಎಂದು ಒಂದು ನಿಯಮ ಮಾಡಿದ್ದ. ಕೇಳದೆ ಕಿತ್ತರೆ ಆ ಮರ ಮನುಷ್ಯರ ಜೊತೆ ಮತ್ತೆ ಮಾತಾಡುವುದಿಲ್ಲ. ಇನ್ನೊಂದು ದಿನ ಇನ್ನೊಂದು ನಿಯಮ ಮಾಡಿದ. ಕೆಂಡ ಹೊತ್ತವರು ಎಲ್ಲರಿಗಿಂತ ಹಿಂದೆ, ಒಬ್ಬರೇ ನಡೆಯಬೇಕು. ಹೊಸ ಒಲೆ ಹೊತ್ತುವವರೆಗೆ ತುಟಿ ಬಿಚ್ಚಬಾರದು. ಮಾತಾಡಿದರೆ ಬೆಂಕಿ ಆ ಮಾತಿನ ಹಿಂದೆ ಹೊರಟುಹೋಗುತ್ತದೆ ಎಂದು ಅವನು ನಂಬಿದ್ದ.

ಎರಡೂ ಒಳ್ಳೆಯ ನಿಯಮಗಳೇ. ಎರಡನ್ನೂ ಮಾಡಿದವನು ಒಬ್ಬನೇ. ಆದರೆ ಇವೆರಡೂ ಒಂದೇ ದಾರಿಯಲ್ಲಿ ಎದುರುಬದುರಾದರೆ ಏನು ಗತಿ ಎಂದು ಅವನೂ ಯೋಚಿಸಿರಲಿಲ್ಲ, ಅವನ ಜನರೂ ಯೋಚಿಸಿರಲಿಲ್ಲ.

ಆ ಮಳೆಗಾಲದಲ್ಲಿ ಹೊಳೆ ಹೇಳದೆ ಕೇಳದೆ ಉಕ್ಕಿತು. "ಏನ್ ಮಾಡ್ಲಿ, ಮೇಲಿಂದ ತಳ್ತಾವ್ರೆ" ಎಂದು ಕೂಗುತ್ತಲೇ ಗುಡಿಸಲೊಳಗೆ ಬಂತು. ಆ ದಿನವೇ ಕುಂಬಿ ಎಂಬ ಹೆಂಗಸಿಗೆ ಹೆರಿಗೆಯಾಗಿತ್ತು. ಹೆಣ್ಣುಮಗು, ಕಡ್ಡಿಯಂಥ ಬೆರಳು, ಹಿಡಿಯಷ್ಟು ಜೀವ. ಎಲ್ಲರೂ ಬಾಣಂತಿಯನ್ನೂ ಮಗುವನ್ನೂ ಎತ್ತಿಕೊಂಡು ಬೆಟ್ಟದ ಗವಿಯ ಕಡೆ ಹೊರಟರು.

ಕೆಂಡ ಹೊರುವವಳು ಕುಂಬಿಯ ಅಕ್ಕ ಕೇತಿ. ಹೊರಡುವಾಗ ಜಡೆಯಜ್ಜ ಅವಳಿಗೆ ಹೇಳಿದ. "ಗವಿ ಒಳಗೆ ಕಲ್ಲೂ ಕೊರೀತದೆ ಕಣವ್ವ. ಒಲೆ ಹತ್ತಲಿಲ್ಲ ಅಂದ್ರೆ ಆ ಕೂಸು ಉಳಿಯಾಕಿಲ್ಲ. ವಸಿ ಬಿರ್ರನೆ ಬಾ. ಮಾತು ಮಾತ್ರ ಆಡಬ್ಯಾಡ."

ಕೇತಿ ಆಗಲೇ ಗಡಿಗೆ ಎತ್ತಿಕೊಂಡಿದ್ದಳು. ಅದಕ್ಕೇ ಹೂಂ ಎಂದೂ ಹೇಳಲಿಲ್ಲ, ತಲೆಯಾಡಿಸಿದಳು.

ಅವಳು ಕಾಡಿನ ನಡುವೆ ಬರುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಸಣ್ಣ ಮಳೆಯಲ್ಲ. ಹೊಸ ಭೂಮಿಯ ಹೊಸ ಮಳೆ, ಎಷ್ಟು ಸುರಿಯಬೇಕೆಂದು ಅದಕ್ಕಿನ್ನೂ ಅಂದಾಜಿರಲಿಲ್ಲ. ಕೇತಿ ಗಡಿಗೆಯ ಮೇಲೆ ಬಗ್ಗಿದಳು. ಅವಳ ಕೂದಲಿಂದಲೇ ನೀರು ಗಡಿಗೆಯೊಳಗೆ ತೊಟ್ಟಿಕ್ಕಿತು. ಅಂಗೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದ ಇಳಿಯಿತು. ಒಳಗೆ ಕೆಂಡ ಚುಂಯ್ ಎಂದಿತು.

ಒಂದು ಎಲೆ ಸಿಕ್ಕಿದ್ದರೆ ಸಾಕಿತ್ತು. ಸುತ್ತಲೂ ಎಲೆಗಳೇ! ಆದರೆ ಕೇಳದೆ ಕೀಳುವ ಹಾಗಿಲ್ಲ. ಕೇಳೋಣವೆಂದರೆ ಬಾಯಿ ಬಿಡುವ ಹಾಗಿಲ್ಲ. ಕೇತಿ ತೆಂಗಿನ ಮುಂದೆ ಹೋಗಿ ನಿಂತಳು, ತಾಳೆಯ ಮುಂದೆ ಹೋಗಿ ನಿಂತಳು. ಕಣ್ಣಲ್ಲೇ ಬೇಡಿದಳು.

"ಏನೋ ಬೇಕಿರಬೇಕು ಅವಳಿಗೆ" ಎಂದಿತು ತೆಂಗು.

"ಬೇಕಿದ್ರೆ ಕೇಳ್ತಾಳೆ" ಎಂದಿತು ತಾಳೆ. "ಕೇಳಿದ್ರೆ ಇಲ್ಲ ಅಂತೀವಾ?"

"ಕೇಳದೆ ನಾವಾಗಿ ಕೊಡೋದು ಮರ್ಯಾದೆ ಅಲ್ಲ" ಎಂದಿತು ಈಚಲು.

ಬಗನಿ ಏನೂ ಹೇಳಲಿಲ್ಲ. ಅದು ಬೆಳೆಯುತ್ತಿತ್ತು.

ಅವರು ಕೆಟ್ಟವರಲ್ಲ. ಕೇಳಿದ್ದರೆ ನಿಜವಾಗಿ ಕೊಡುತ್ತಿದ್ದರು. ಕೇಳಲಾಗದವರೂ ಇರುತ್ತಾರೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೆ. ಕೇತಿಯ ಕಣ್ಣಲ್ಲಿ ನೀರು ಬಂತು. ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಆಗ ಮೊಣಕಾಲಿನ ಹತ್ತಿರದಿಂದ ಒಂದು ದನಿ ಬಂತು. "ಗಡಿಗೆ ಒಳಗೆ ಏನಿದೆ?"

ಪುಟ್ಟತಾಳೆ ಕೇಳುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ, ಅವಳೇ ಎಲ್ಲರನ್ನೂ ಕೇಳುವವಳು.

ಕೇತಿ ಬಾಯಿ ಮುಟ್ಟಿ ತೋರಿಸಿ, ತಲೆ ಅಲ್ಲಾಡಿಸಿದಳು.

"ಓ, ಮಾತಾಡೋ ಹಾಗಿಲ್ವಾ? ಹಾಗಾದ್ರೆ ನಾನು ಕೇಳ್ತೀನಿ, ನೀನು ತಲೆ ಆಡ್ಸು" ಎಂದಳು ಪುಟ್ಟತಾಳೆ. ಅವಳಿಗೆ ಬಲು ಖುಷಿಯಾಗಿತ್ತು. "ಒಳಗೆ ಕಪ್ಪೆ ಇದೆಯಾ?"

ಊಹೂಂ ಎಂದು ತಲೆಯಾಡಿಸಿದಳು ಕೇತಿ. ಗಡಿಗೆಯಿಂದ ಬರುತ್ತಿದ್ದ ಹೊಗೆ ತೆಳ್ಳಗಾಯಿತು.

"ಜೇನಾ?"

ಊಹೂಂ. ಹೊಗೆ ಇನ್ನೂ ತೆಳ್ಳಗಾಯಿತು.

"ಮಗುನಾ?"

ಕೇತಿ ಮೊದಲು ಊಹೂಂ ಎಂದು ತಲೆಯಾಡಿಸಿದಳು, ಆಮೇಲೆ ಹೂಂ ಎಂದು ಆಡಿಸಿದಳು. ತೋಳನ್ನು ತೊಟ್ಟಿಲಿನಂತೆ ತೂಗಿ ಬೆಟ್ಟದ ಕಡೆ ತೋರಿಸಿದಳು. ಮೈಯೆಲ್ಲ ನಡುಗಿಸಿ ತೋರಿಸಿದಳು. ಕೊನೆಗೆ ಗಡಿಗೆಯನ್ನೇ ಬಗ್ಗಿಸಿ ಒಳಗೆ ತೋರಿಸಿದಳು.

ಬೂದಿಯ ನಡುವೆ ಕೆಂಪಗೆ ಒಂದು ಚುಕ್ಕೆ. ಪುಟ್ಟತಾಳೆ ಇರುವೆ ನೋಡಿದ್ದಳು, ಎರೆಹುಳು ನೋಡಿದ್ದಳು, ಇಂಥದ್ದನ್ನು ನೋಡಿರಲಿಲ್ಲ. ಸೂರ್ಯನ ಒಂದು ಚೂರು ಬೂದಿಯೊಳಗೆ ಮಲಗಿದೆ ಎಂದುಕೊಂಡಳು.

"ಬೆಟ್ಟದ ಮೇಲೆ ಮಗುಗೆ ಚಳಿ. ಇದು ಅಲ್ಲಿಗೆ ಹೋದ್ರೆ ಮಗು ಬೆಚ್ಚಗಾಗುತ್ತೆ. ಹೌದಾ?"

ಹೌದು, ಹೌದು, ಹೌದು ಎಂದು ತಲೆಯಾಡಿಸಿದಳು ಕೇತಿ.

"ಮಳೆ ಬಿದ್ರೆ ಇದು ಸತ್ತುಹೋಗುತ್ತಾ?"

ಹೌದು.

ಪುಟ್ಟತಾಳೆ ತಲೆಯೆತ್ತಿ ಮಳೆಯನ್ನು ಕೇಳಿದಳು. "ಮಳೆ, ಮಳೆ, ಒಂದು ಗಳಿಗೆ ನಿಲ್ತೀಯಾ?"

"ನಿಲ್ಲಬೇಕು ಅಂತ ನಂಗೂ ಇದೆ ಕಣೆ" ಎಂದಿತು ಮಳೆ. "ಹಿಂದೆ ಇನ್ನೂ ಮಳೆ ಇದೆ. ನಾನು ನಿಂತ್ರೆ ಅದು ನನ್ನ ಮೇಲೇ ಬೀಳುತ್ತೆ."

ಪುಟ್ಟತಾಳೆ ಸುಮ್ಮನಾದಳು. ಹುಟ್ಟಿದಾಗಿನಿಂದ ಅವಳು ಸುಮ್ಮನಾದದ್ದು ಅದೇ ಮೊದಲು. ತನ್ನ ಒಂದೇ ಎಲೆಯನ್ನು ನೋಡಿಕೊಂಡಳು. ಅದನ್ನು ಕೊಟ್ಟರೆ ಬಿಸಿಲು ಕುಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬಿಸಿಲಿಲ್ಲದೆ ಬೆಳೆಯುವುದಿಲ್ಲ. ಈ ಮಳೆಗಾಲ ಮುಗಿದರೆ ಇನ್ನೊಂದಿಲ್ಲ. ಅವಳಿಗೆ ನಿಜವಾಗಿ ಭಯವಾಯಿತು.

"ತಗೋ ನನ್ನ ಎಲೆ" ಎಂದಳು. "ನೀನು ಕೇಳಲಿಲ್ಲ, ನಾನೇ ಕೊಡ್ತಿದೀನಿ. ಆದ್ರೆ ಕೊನೆಗೆ ಏನಾಯ್ತು ಅಂತ ನಂಗೆ ಬಂದು ಹೇಳಬೇಕು. ಹೇಳ್ತೀಯಾ?"

ಕೇತಿ ಅವಳ ದೇಟನ್ನು ಮುಟ್ಟಿ ಹಣೆಗೊತ್ತಿಕೊಂಡಳು. ಎಲೆ ಕಿತ್ತುಕೊಂಡು ಗಡಿಗೆಯ ಮೇಲೆ ಹಿಡಿದಳು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಎಲೆ ಚಪ್ಪಟೆ ಅಲ್ಲವೇ? ನೀರು ನಡುವೆ ನಿಂತು ಕೆರೆಯಾಯಿತು, ಗಡಿಗೆಯ ಕಡೆಗೇ ವಾಲಿತು. ಕೇತಿ ಜಾಣೆ. ಅಮ್ಮ ಸೀರೆಯ ನೆರಿಗೆ ಹಿಡಿಯುವುದನ್ನು ನೀವು ನೋಡಿದ್ದೀರಲ್ಲ, ಹಾಗೇ ಎಲೆಯನ್ನು ಮೇಲೊಂದು ಮಡಿಕೆ, ಕೆಳಗೊಂದು ಮಡಿಕೆ ಮಾಡಿ ನೆರಿಗೆ ಹಿಡಿದಳು. ನೆರಿಗೆಯ ಸಾಲುಗಳಲ್ಲಿ ನೀರು ಸರಸರ ಇಳಿದುಹೋಯಿತು. ಎಲೆಯ ಅಂಚು ಮಾತ್ರ ಉದ್ದವಾಗಿ ಒಳಕ್ಕೆ ಜೋತುಬಿದ್ದು ಮತ್ತೆ ಗಡಿಗೆಯೊಳಗೇ ತೊಟ್ಟಿಕ್ಕುತ್ತಿತ್ತು. ಕೈ ಬಿಡುವಿಲ್ಲ, ಕತ್ತಿಯಿಲ್ಲ. ಅವಳು ಸುತ್ತಲೂ ಅಂಚನ್ನು ಹಲ್ಲಿನಿಂದಲೇ ಕಚಕಚ ಕಚ್ಚಿ ಕತ್ತರಿಸಿ ಉಗಿದಳು.

ಪುಟ್ಟತಾಳೆ ಇದನ್ನೆಲ್ಲ ಕಣ್ಣು ಪಿಳುಕಿಸದೆ ನೋಡಿದಳು. ಕೇತಿ ಮಳೆಯಲ್ಲಿ ಮರೆಯಾದಳು.

ಮುಂದೆ ಏನಾಯಿತು? ನಿಮಗೆ ತಿಳಿಯಬೇಕು ಎನಿಸುವ ಹಾಗೇ ಪುಟ್ಟತಾಳೆಗೂ ಎನಿಸಿತ್ತು. ಆದರೆ ಹೇಳುವವರು ಯಾರು? ಬೆಟ್ಟದ ಹಳ್ಳ ತುಂಬಿ ದಾರಿ ಮುಚ್ಚಿತು. ಕೇತಿ ಬರಲಿಲ್ಲ.

"ಗಾಳಿ, ಗಾಳಿ, ಆ ಕೆಂಪು ಚುಕ್ಕೆ ಉಳೀತಾ?" ಎಂದು ಕೇಳಿದಳು.

"ಗವಿ ಬಾಗಿಲಿಗೆ ಕಲ್ಲು ಒಟ್ಟಿದಾರೆ. ನನ್ನನ್ನ ಒಳಗೆ ಬಿಡಲ್ಲ" ಎಂದಿತು ಗಾಳಿ.

"ಇರುವೆ, ಇರುವೆ, ಆ ಮಗು ಬೆಚ್ಚಗಾಯ್ತಾ?"

"ಅಷ್ಟು ದೂರ ನಾನೆಲ್ಲಿ ಹೋಗ್ಲಿ" ಎಂದಿತು ಇರುವೆ.

ಮಳೆ ಸುರಿಯಿತು. ಅಣ್ಣಂದಿರು ಬೆಳೆದರು. ಮೊದಮೊದಲು ಅವರ ಮುಖ ಕಾಣುತ್ತಿತ್ತು, ಆಮೇಲೆ ಎದೆ, ಆಮೇಲೆ ಬರೀ ಕಾಲು. ಅವರ ಗರಿಗಳು ಮೇಲೆ ಒಂದಕ್ಕೊಂದು ತಾಗಿ ಆಕಾಶವೇ ಮುಚ್ಚಿತು. ಪುಟ್ಟತಾಳೆ ಅಡಿಯ ಮಬ್ಬಿನಲ್ಲಿ ಬರೀ ದೇಟಾಗಿ ನಿಂತಿದ್ದಳು. ಬೇರಿನಲ್ಲಿ ಇದ್ದಬದ್ದದ್ದನ್ನೇ ತಿಂದುಕೊಂಡಳು. ಎಲೆ ಹೋಯಿತೆಂದು ಅವಳು ಅಳಲಿಲ್ಲ. ಏನಾಯಿತೆಂದು ತಿಳಿಯಲಿಲ್ಲವಲ್ಲ ಎಂದು ಒಂದೆರಡು ಸಲ ಅತ್ತಳು.

ಅಳು ಮುಗಿದ ಮೇಲೆ ಅವಳು ಕೇತಿಯ ಬೆರಳುಗಳನ್ನೇ ನೆನೆಯುತ್ತಿದ್ದಳು. ಮೇಲೊಂದು ಮಡಿಕೆ, ಕೆಳಗೊಂದು ಮಡಿಕೆ. ಹಾಗೆ ನೆನೆಯುತ್ತ ನೆನೆಯುತ್ತ ಇರುವಾಗ ನೆತ್ತಿಯಲ್ಲಿ ಒಂದು ಹೊಸ ಎಲೆ ಸುರುಳಿ ಬಿಚ್ಚಿತು. ನೋಡಿದರೆ ಅದರ ತುಂಬ ನೆರಿಗೆ! ಅಂಚೂ ಅಷ್ಟೆ, ಯಾರೋ ಕಚ್ಚಿ ಸಮಮಾಡಿದ ಹಾಗೆ ಮೊಟಕಾಗಿತ್ತು.

ಒಂದು ದಿನ ಮಳೆ ನಿಂತಿತು. ಭೂಮಿತಾಯಿ ಮಕ್ಕಳನ್ನು ಅಳೆಯಲು ಬಂದಳು. ತೆಂಗಿಗೆ ಶಾಭಾಸ್ ಎಂದಳು, ತಾಳೆಯ ಬೆನ್ನು ತಟ್ಟಿದಳು, ಈಚಲನ್ನು ಸವರಿದಳು. ಬಗನಿ ಈಗಲಾದರೂ ಮಾತಾಡಬಹುದು ಎಂದು ಹೇಳಿದಳು. ಪುಟ್ಟತಾಳೆಯ ಹತ್ತಿರ ಬಂದಾಗ ಅವಳಿಗೆ ಬಗ್ಗಬೇಕಾಯಿತು.

"ಎಲ್ಲಾ ಗೊತ್ತು ಮಗಳೇ" ಎಂದಳು. "ನಿನಗೊಬ್ಬಳಿಗೆ ಮಾತು ಮುರೀತೀನಿ. ಈಗಲೇ ಹೂಂ ಅನ್ನು, ನಿನ್ನನ್ನ ಎಲ್ಲರಿಗಿಂತ ಎತ್ತರ ಮಾಡ್ತೀನಿ. ಮೋಡ ನಿನ್ನ ಕೆನ್ನೆ ಮುಟ್ಟಬೇಕು."

ಯಾರಿಗೆ ಆಸೆಯಾಗುವುದಿಲ್ಲ? ಪುಟ್ಟತಾಳೆಗೂ ಆಯಿತು. ಮೋಡದೊಳಗೆ ಏನಿದೆ ಎಂದು ಕೇಳಬೇಕೆಂದು ಅವಳಿಗೆ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಬೇರೆ ಪ್ರಶ್ನೆ ಇತ್ತು.

"ಅಮ್ಮ, ಅಷ್ಟೆತ್ತರಕ್ಕೆ ಮನುಷ್ಯರ ಮಾತು ಕೇಳುತ್ತಾ?"

ಭೂಮಿತಾಯಿ ಸುಳ್ಳು ಹೇಳುವವಳಲ್ಲ. "ಇಲ್ಲ ಮಗಳೇ. ಕೇಳಲ್ಲ."

"ಅವಳು ಬಂದಾಗ ನಾನು ಮೇಲಿದ್ರೆ? ನಂಗೆ ಕೊನೆಗೆ ಏನಾಯ್ತು ಅಂತ ಗೊತ್ತಾಗೋದೇ ಇಲ್ವಲ್ಲ."

"ಅವಳು ಬಾರದೆ ಇದ್ರೆ?"

ಪುಟ್ಟತಾಳೆ ದಾರಿಯ ಕಡೆ ನೋಡಿದಳು. "ಬರ್ತಾಳೆ ಅಂತ ಗೊತ್ತಿಲ್ಲ" ಎಂದಳು. "ಆದ್ರೂ ಇಲ್ಲೇ ಇರ್ತೀನಿ ಅಮ್ಮ."

ಭೂಮಿತಾಯಿ ಅವಳ ನೆರಿಗೆಯೆಲೆಯನ್ನು ಒಮ್ಮೆ ಸವರಿ ಹೊರಟುಹೋದಳು.

ಹಳ್ಳ ಇಳಿಯಿತು. ದಾರಿ ಒಣಗಿತು. ಒಂದು ಬೆಳಿಗ್ಗೆ ಒಣಗಿದ ತರಗೆಲೆಯ ಮೇಲೆ ಹೆಜ್ಜೆಯ ಸದ್ದಾಯಿತು. ಕೇತಿ ಬಂದಳು! ಅವಳ ಸೊಂಟದ ಮೇಲೆ ಒಂದು ಮಗು, ಕೆನ್ನೆ ತುಂಬಿಕೊಂಡು ಎಂಜಲು ಸುರಿಸುತ್ತ ಕೂತಿತ್ತು.

"ಎಲ್ಲಿದ್ದೀಯೆ ನನ್ನವ್ವ?" ಎಂದು ಕೇತಿ ಕೂಗಿದಳು. ಪುಟ್ಟತಾಳೆ ಅವಳ ದನಿಯನ್ನು ಕೇಳಿದ್ದು ಅದೇ ಮೊದಲು. ಕೇತಿ ಮಬ್ಬಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಪುಟ್ಟತಾಳೆಯ ಮುಂದೆ ನೆಲದ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದಳು.

"ನಾ ಗವಿಗೋದಾಗ ಕೂಸು ಅಳೋದನ್ನೂ ಬುಟ್ಬುಟ್ಟಿತ್ತು. ತುಟಿ ನೀಲಿ. ಗಡಿಗೆ ಒಳಗೆ ನೋಡ್ತೀನಿ, ತೊಗರಿಕಾಳಷ್ಟು ಕೆಂಡ."

"ಆಮೇಲೆ?"

"ಆಮೇಲೆ ಊದಕ್ಕೆ ನಂಗೆ ಉಸಿರೆಲ್ಲಿತ್ತು? ನಿನ್ನ ಎಲೆಲೇ ಬೀಸ್ದೆ ಕಣವ್ವ. ಬೀಸ್ದೆ, ಬೀಸ್ದೆ. ತೋಳು ಬಿದ್ದೋಯ್ತು ಅನ್ನಂಗೆ ಬೀಸ್ದೆ."

"ಆಮೇಲೆ?"

"ಒಂದು ನಾರು ಹತ್ತಿಕೊಂತು. ಪುರುಳೆಕಡ್ಡಿ ಹತ್ತಿಕೊಂತು. ಒಲೆ ಭುಗ್ ಅಂತು. ಕೂಸು ಒಂದು ಕಿತಾ ಕಿರುಚ್ತು ನೋಡು, ನಮ್ಮ ಕುಂಬಿ ನಗ್ತಾ ನಗ್ತಾ ಅತ್ತಳು. ಜಡೆಯಜ್ಜ, 'ಮೊದಲ ಮಾತು ಒಳ್ಳೇದು ಆಡವ್ವ ಕೇತಿ' ಅಂದ. 'ಆ ಗಿಡಕ್ಕೆ ಯೋಳ್ಬೇಕು' ಅಂದ್ಬುಟ್ಟೆ ನಾನು."

ಪುಟ್ಟತಾಳೆ ನಗು ತಡೆಯಲಾರದೆ ಅಲುಗಾಡಿದಳು. ಮಗು ಕೈ ಚಾಚಿ ಅವಳ ಎಲೆ ಹಿಡಿದುಕೊಂಡಿತು. ಬೆಚ್ಚಗಿನ ಕೈ! ಅಷ್ಟು ದಿನ ಕೇಳಿದ ಪ್ರಶ್ನೆಗೆಲ್ಲ ಉತ್ತರ ಆ ಅಂಗೈಯಲ್ಲೇ ಇತ್ತು.

"ಆಮೇಲೆ?" ಎಂದಳು ಮತ್ತೆ.

"ಆಮೇಲೆ ಇನ್ನೇನು? ಈಗ ದಬ್ಬಾಕೊಂತದೆ. ಮುಂದಕ್ಕೆ ಅಂಬೆಗಾಲಿಕ್ತದೆ."

"ಅಂಬೆಗಾಲು ಅಂದ್ರೆ? ಯಾವಾಗ? ಆಮೇಲೆ?"

ಕೇತಿ ಅವಳ ಸುತ್ತ ಇದ್ದ ಕತ್ತಲನ್ನು ನೋಡಿದಳು, ಮೇಲೆ ಮುಚ್ಚಿಕೊಂಡಿದ್ದ ಗರಿಗಳನ್ನು ನೋಡಿದಳು, ಮೊಣಕಾಲೆತ್ತರದ ಗಿಡವನ್ನು ನೋಡಿದಳು. ಯಾಕೆ ಹೀಗಾಯಿತೆಂದು ಅವಳಿಗೆ ತಿಳಿಯಿತು.

"ನಮ್ಮನೇಗೆ ಬತ್ತೀಯಾ? ಬಾಗಿಲ ಪಕ್ಕದಲ್ಲೇ ಇಟ್ಕೊತೀನಿ. ದಿನಾ ಯೋಳ್ತೀನಿ" ಎಂದಳು.

"ಹೋಗಿ ಬರ್ತೀನಿ ಅಣ್ಣಾ" ಎಂದು ಪುಟ್ಟತಾಳೆ ಮೇಲಕ್ಕೆ ಕೂಗಿದಳು. ಅಣ್ಣಂದಿರು ಆಗಲೇ ಬಹಳ ಮೇಲಿದ್ದರು. ಅವರಿಗೆ ಕೇಳಿಸಲಿಲ್ಲ. ಕೇತಿ ಬೇರು ಮುರಿಯದ ಹಾಗೆ ಮಣ್ಣಿನ ಸಮೇತ ಅವಳನ್ನೆತ್ತಿ, ಆ ಕೆಂಡದ ಗಡಿಗೆಯಂಥದೇ ಒಂದು ಗಡಿಗೆಯಲ್ಲಿಟ್ಟು ಮನೆಗೆ ಒಯ್ದಳು.

ಬಾಗಿಲ ಬಳಿ ಅವಳಿಗೆ ಕೈತುಂಬ ಕೆಲಸ. ಮಳೆಗೆ ಹೊರಟವರು ಅವಳ ಎಲೆಯಲ್ಲಿ ಟೋಪಿ ಮಾಡಿಕೊಂಡರು. ಕಾಡಿಗೆ ಹೊರಟವರು ಅದರಲ್ಲಿ ಬಿಸಿ ಅನ್ನ ಕಟ್ಟಿಕೊಂಡರು. ಮಾಡು ಸೋರಿದರೆ ಹೊದಿಸಿದರು, ಸೆಕೆಯಾದರೆ ಬೀಸಿಕೊಂಡರು. ಇನ್ನಷ್ಟು ಮುದುಕನಾದ ಜಡೆಯಜ್ಜ ಒಣಗಿದ ದೇಟುಗಳನ್ನು ಒಂದಕ್ಕೊಂದು ಕಟ್ಟಿ ಊರುಗೋಲು ಮಾಡಿಕೊಂಡ. ಎಲೆ ಬೇಕೆನ್ನುವವರಿಗೆಲ್ಲ ಪುಟ್ಟತಾಳೆ ಕೊಡುತ್ತಿದ್ದಳು, ಹೋದವರು ಬಂದು ಏನಾಯಿತೆಂದು ಹೇಳಬೇಕು, ಅಷ್ಟೆ. ಜಡೆಯಜ್ಜ ಇನ್ನೊಂದು ನಿಯಮವನ್ನೂ ಮಾಡಿದ. ಯಾರಾದರೂ ಮಾತಾಡದೆ ಎದುರಿಗೆ ನಿಂತರೆ, ಏನು ಬೇಕೆಂದು ನಾವೇ ಕೇಳಬೇಕು. ಅವನು ಮಾಡಿದ ನಿಯಮಗಳಲ್ಲೆಲ್ಲ ಒಳ್ಳೆಯದು ಅದೇ.

ಅದಕ್ಕೇ ಇವತ್ತಿಗೂ ತೆಂಗು, ತಾಳೆ ಆಕಾಶಕ್ಕೆ ತಲೆಯಿಟ್ಟು ಬಯಲಲ್ಲಿ ನಿಂತಿದ್ದರೆ, ಪುಟ್ಟತಾಳೆ ನಮ್ಮ ಬಾಗಿಲ ಪಕ್ಕದ ಕುಂಡದಲ್ಲಿ, ನೆರಳಿನಲ್ಲಿ, ನೆರಿಗೆಯ ಎಲೆ ಹರಡಿಕೊಂಡು ಕೂತಿರುತ್ತಾಳೆ. ಅವಳ ಎಲೆಯ ಅಂಚಿನಲ್ಲಿ ಕೇತಿಯ ಹಲ್ಲಿನ ಗುರುತು ಈಗಲೂ ಇದೆ, ಬೆರಳಾಡಿಸಿ ನೋಡಿ. ನೀವು ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಗಾಳಿಯಿಲ್ಲದಿದ್ದರೂ ಆ ಎಲೆ ಒಂದಿಷ್ಟು ಅಲುಗಿದರೆ, ಇವತ್ತು ಏನೇನಾಯಿತೆಂದು ಅವಳು ನಿಮ್ಮನ್ನು ಕೇಳುತ್ತಿದ್ದಾಳೆ.